ಅರಗಿನ ಪ್ಲೇಟಿನ ಮೇಲೆ ಯಾರ ಹೆಜ್ಜೆ?

ಶಾಲೆಯಲ್ಲಿ ಮಕ್ಕಳಿಗೆ ಯಾವ ಹಾಡು ಕೇಳಿಸಬೇಕು, ಯಾವ ಕುಣಿತ ಕಲಿಸಬೇಕು, ಯಾವ ವಾದ್ಯ ತೋರಿಸಿ ಇದರ ಹೆಸರೇನು ಅಂತ ಕೇಳಬೇಕು, ಇವೆಲ್ಲ ಸಣ್ಣ ವಿಷಯ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಪಠ್ಯಪುಸ್ತಕದಲ್ಲಿ ಯಾರ ಚರಿತ್ರೆ ಇದೆ, ಯಾರದು ಇಲ್ಲ ಅಂತ ಜಗಳ ಆಡುತ್ತೇವೆ. ಆಡಲೇಬೇಕು. ಆದರೆ ಶಾಲೆಯ ವಾರ್ಷಿಕೋತ್ಸವದ ದಿನ ಮೈಕಿನಿಂದ ಬರುವ ಹಾಡಿಗೆ ನಮ್ಮ ಮಕ್ಕಳು ಕುಣಿಯುವಾಗ, ಇದನ್ನು ಆರಿಸಿದವರು ಯಾರು, ಯಾವುದನ್ನು ಬಿಟ್ಟು ಇದನ್ನು ಆರಿಸಿದರು ಅಂತ ಕೇಳುವವರು ಕಡಿಮೆ. ಹಾಡು ಅಂದರೆ ಬರೀ ಸಂತೋಷ, ಅದರಲ್ಲಿ ರಾಜಕೀಯ ಎಲ್ಲಿಂದ ಬಂತು ಅಂತ ಹೇಳಿ ಬಾಯಿ ಮುಚ್ಚಿಸುವವರೇ ಹೆಚ್ಚು.

ನಾವು ಇಲ್ಲಿ ಹೇಳಹೊರಟಿರುವುದು ಅಮೆರಿಕದ ಕತೆ. 1972ರಲ್ಲಿ ಮುಂಬಯಿಯ ದಲಿತ ತರುಣರು ಸಂಘಟನೆ ಕಟ್ಟಿದಾಗ ಅಲ್ಲಿನ ಕಪ್ಪು ಜನರ ‘ಬ್ಲಾಕ್ ಪ್ಯಾಂಥರ್’ ಹೆಸರನ್ನೇ ತಗೊಂಡು ದಲಿತ ಪ್ಯಾಂಥರ್ಸ್ ಅಂತ ಕರೆದುಕೊಂಡರು. ಕಪ್ಪು ಜನರ ಕವಿತೆ, ಆತ್ಮಕತೆ, ಭಾಷಣಗಳನ್ನು ನಾವೂ ಓದಿದೆವು, ಅನುವಾದ ಮಾಡಿಕೊಂಡೆವು. ಅವರ ಮಕ್ಕಳ ಶಾಲೆಯ ಸಂಗೀತದ ಪೀರಿಯಡ್‌ನಲ್ಲಿ ಏನು ನಡೀತು ಅನ್ನುವುದು ಮಾತ್ರ ನಮ್ಮ ಕಡೆ ಅಷ್ಟಾಗಿ ಬರಲಿಲ್ಲ. ಗ್ರಾಮಫೋನ್ ಪ್ಲೇಟುಗಳು ದೊಡ್ಡ ಪ್ರಮಾಣದಲ್ಲಿ ಶಾಲೆ ಹೊಕ್ಕ ದೇಶ ಅದು. ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುವ ಗೆಳೆಯರು ಈ ಕತೆಯನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಎಡಿಸನ್ 1877ರಲ್ಲಿ ದನಿ ಹಿಡಿದಿಡುವ ಯಂತ್ರ ಮಾಡಿದ. ಅದು ಉರುಳೆಯದು. ಚಪ್ಪಟೆ ಪ್ಲೇಟಿನ ಗ್ರಾಮಫೋನ್ ತಂದವನು ಎಮಿಲ್ ಬರ್ಲಿನರ್, 1887ರಲ್ಲಿ. 1901ರಲ್ಲಿ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್ ಊರಿನಲ್ಲಿ ವಿಕ್ಟರ್ ಟಾಕಿಂಗ್ ಮೆಷಿನ್ ಅನ್ನುವ ಕಂಪನಿ ಶುರುವಾಯಿತು. ಕಹಳೆಯ ಬಾಯಿಗೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ನಮ್ಮ ಕಡೆಯ ಹಿರಿಯರಿಗೂ ಗೊತ್ತಲ್ಲ, ಅದೇ ಗುರುತು ಈ ಕಂಪನಿಯದೂ. ಸಾಹುಕಾರರ ಮನೆಗಳಿಗೆ ಯಂತ್ರ ಮಾರಿದ್ದಾಯಿತು. ಇನ್ನು ಮುಂದೆ ಎಲ್ಲಿ ಮಾರುವುದು? ಶಾಲೆಗಳಿವೆ! ಒಂದು ಶಾಲೆಗೆ ಒಂದು ಯಂತ್ರ ಕೊಟ್ಟರೆ ವರ್ಷ ವರ್ಷವೂ ಪ್ಲೇಟು ಬೇಕು. ಅಲ್ಲಿ ಕೇಳಿ ರುಚಿ ಹತ್ತಿದ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನನ್ನು ಪೀಡಿಸುತ್ತಾರೆ. ವ್ಯಾಪಾರಿಯ ಲೆಕ್ಕ ಇದು.

ಆದರೆ ಬರೀ ವ್ಯಾಪಾರ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಅದು ಪೂರ್ತಿ ನಿಜವಲ್ಲ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದ ಶಾಲೆಗಳಿಗೆ ಸಂಗೀತದ ಮೇಲ್ವಿಚಾರಕಿಯಾಗಿದ್ದ ಫ್ರಾನ್ಸಿಸ್ ಎಲಿಯಟ್ ಕ್ಲಾರ್ಕ್ ಅನ್ನುವ ಹೆಂಗಸು ಈ ಯಂತ್ರದಲ್ಲಿ ಬೇರೆ ಏನನ್ನೋ ಕಂಡಳು. 1907ರಲ್ಲಿ ಐಯೊವಾ ರಾಜ್ಯದ ಕಿಯೊಕಕ್ ಊರಲ್ಲಿ ಸಂಗೀತ ಮೇಲ್ವಿಚಾರಕರ ಸಭೆ ನಡೆಸಿ, ಅಲ್ಲಿ ಶಾಲಾ ಸಂಗೀತದ ರಾಷ್ಟ್ರೀಯ ಸಂಘಟನೆಗೆ ಬುನಾದಿ ಹಾಕಿದವಳು ಅವಳು. ಹಳ್ಳಿಯ ಒಂದೇ ಕೋಣೆಯ ಶಾಲೆ, ಎಂಟು ತರಗತಿಗೆ ಒಬ್ಬಳೇ ಟೀಚರು. ಆ ಟೀಚರಿಗೆ ಹಾಡಲು ಬರುವುದಿಲ್ಲ, ಪಿಯಾನೊ ಕೊಳ್ಳಲು ದುಡ್ಡಿಲ್ಲ. ಅಂಥ ಕಡೆ ಕೀಲಿ ಕೊಟ್ಟು ಮುಳ್ಳು ಇಟ್ಟರೆ ದೊಡ್ಡ ಊರಿನ ವಾದ್ಯಮೇಳ ಬಂದು ನುಡಿಸುತ್ತದೆ ಅಂದರೆ ಅದು ಸಣ್ಣ ಮಾತಲ್ಲ. 1911ರಲ್ಲಿ ಕಂಪನಿಯವರು ಅವಳನ್ನೇ ಕರೆದು ಶಿಕ್ಷಣ ವಿಭಾಗ ಕಟ್ಟಲು ಹೇಳಿದರು. 1913ರ ಹೊತ್ತಿಗೆ ಶಾಲೆಗೆಂದೇ ಒಂದು ಯಂತ್ರ ಬಂತು. ಬೆಲೆ 67 ಡಾಲರ್ 50 ಸೆಂಟ್, ಶಾಲೆಗಳಿಗೆ ಮಾತ್ರ. ಪಾಠ ಮುಗಿದ ಮೇಲೆ ಕಹಳೆಯನ್ನು ಕೆಳಗಿನ ಕಟ್ಟೆಯಲ್ಲಿಟ್ಟು ಮುಚ್ಚಳಕ್ಕೆ ಬೀಗ ಹಾಕಬಹುದಿತ್ತು. ಕಂಡಕಂಡವರು ಮುಟ್ಟಬಾರದು ಅಂತ!

ಪಾಠ ನಡೆಯುತ್ತಿದ್ದ ಬಗೆ ಹೀಗೆ. ಪ್ಲೇಟಿನ ಒಂದು ಮಗ್ಗುಲು ಮೂರು ನಿಮಿಷ, ದೊಡ್ಡ ಪ್ಲೇಟಾದರೆ ನಾಲ್ಕು ನಿಮಿಷ ಚಿಲ್ಲರೆ. ಚಿಕ್ಕ ಮಕ್ಕಳು ಹಾಡಿಗೆ ಸರಿಯಾಗಿ ನಡೆಯುವುದು, ಕುಪ್ಪಳಿಸುವುದು, ಚಪ್ಪಾಳೆ ತಟ್ಟುವುದು. ಸ್ವಲ್ಪ ದೊಡ್ಡವರಿಗೆ ವಾದ್ಯಗಳ ಗುರುತು: ಗೋಡೆಗೆ ಬಣ್ಣದ ಚಿತ್ರಪಟ ತೂಗುಹಾಕಿ, ಪಿಟೀಲು, ಕೊಳಲು, ಕಹಳೆಗಳ ದನಿ ಒಂದೊಂದಾಗಿ ಕೇಳಿಸುವ ಪ್ಲೇಟು ಹಾಕಿ, ಇದು ಯಾವುದು ಹೇಳಿ ಅನ್ನುವುದು. 1916ರಲ್ಲಿ ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ನಲ್ಲಿ ಶುರುವಾದ ‘ಸಂಗೀತ ಜ್ಞಾಪಕ ಸ್ಪರ್ಧೆ’ ಊರೂರಿಗೆ ಹಬ್ಬಿತು. ತುಣುಕು ಕೇಳಿಸಿದರೆ ಯಾವ ಕೃತಿ, ಯಾರು ರಚಿಸಿದ್ದು ಅಂತ ಮಕ್ಕಳು ಬರೆಯಬೇಕು. ನಮ್ಮ ಕ್ವಿಜ್ ಹುಚ್ಚಿನ ಅಜ್ಜ ಅನ್ನಬಹುದು ಇದನ್ನ.

ಆಗಿನ್ನೂ ಮೈಕು ಇರಲಿಲ್ಲ. ಕರೆಂಟಿನ ಮೈಕಿನಿಂದ ಮುದ್ರಿಸುವುದು ಬಂದಿದ್ದು 1925ರಲ್ಲಿ. ಅಲ್ಲಿಯವರೆಗೆ ದೊಡ್ಡ ಕಹಳೆಯ ಬಾಯಿಗೆ ಹಾಡಬೇಕು, ನುಡಿಸಬೇಕು. ಆ ಬಾಯಿಗೆ ಎಲ್ಲ ದನಿಯೂ ಹಿಡಿಸುತ್ತಿರಲಿಲ್ಲ. ಜೋರಾಗಿ ಚರ್ಮವಾದ್ಯ ಬಡಿದರೆ ಕೊರೆಯುವ ಮುಳ್ಳೇ ಹಾದಿ ತಪ್ಪುತ್ತಿತ್ತು. ಹಾಗಾಗಿ ಡೋಲನ್ನು ದೂರ ನಿಲ್ಲಿಸುವುದು, ಇಲ್ಲಾ ಬಿಟ್ಟೇಬಿಡುವುದು, ಅದರ ಬದಲು ಮರದ ತುಂಡು ತಟ್ಟುವುದು. ಕುಣಿತ ಕಲಿಸುವ ಪ್ಲೇಟಿನಲ್ಲಿ ತಮಟೆಯಂಥದ್ದು ಹಿಂದೆ ಸರಿದು ನಿಂತಿತ್ತು. ಇದು ಯಂತ್ರದ ಮಿತಿ, ಯಾರ ಕುತಂತ್ರವೂ ಅಲ್ಲ. ಆದರೆ ಡೋಲನ್ನು ದೂರ ಇಡುವುದು ಆ ನೆಲದಲ್ಲಿ ಯಂತ್ರ ಬರುವ ಎಷ್ಟೋ ಮೊದಲೇ ಕಾನೂನಾಗಿತ್ತು. ಆ ವಿಷಯಕ್ಕೆ ಆಮೇಲೆ ಬರೋಣ.

ಅದಕ್ಕೂ ಮೊದಲು ಪ್ಲೇಟಿನ ವಿಷಯ ಒಂದಿಷ್ಟು. ಆ ಕಾಲದ ಕಪ್ಪು ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಅರಗಿಗೆ ಕಲ್ಲಿನ ಪುಡಿ, ಮಸಿ ಎಲ್ಲ ಬೆರೆಸಿ ಬಿಸಿ ಮಾಡಿ ಅಚ್ಚೊತ್ತುತ್ತಿದ್ದರು. ಆ ಅರಗು ಎಲ್ಲಿಯದು? ಬಹುಪಾಲು ಇಂಡಿಯಾದ್ದು. ಛೋಟಾ ನಾಗಪುರದ ಕಾಡುಗಳಲ್ಲಿ, ಮಧ್ಯ ಇಂಡಿಯಾದ ಕಾಡುಗಳಲ್ಲಿ ಮುತ್ತುಗದ ಮರ, ಬೋರೆ ಮರದ ಕೊಂಬೆಗೆ ಅಂಟಿದ ಅರಗುಹುಳದ ಕವಚವನ್ನು ಮುಂಡಾ, ಒರಾಂವ್ ಮೊದಲಾದ ಆದಿವಾಸಿ ಹೆಂಗಸರು ಗಂಡಸರು ಕೆರೆದು ತೆಗೆಯುತ್ತಿದ್ದರು. ಅದನ್ನು ಸಾಹುಕಾರ ಕೊಂಡು, ಮಿರ್ಜಾಪುರದಂಥ ಕಡೆ ಕಾಯಿಸಿ ಹಾಳೆ ಮಾಡಿ, ಕಲ್ಕತ್ತೆಯ ಹಡಗಿಗೆ ಹಾಕುತ್ತಿದ್ದರು. 1942ರಲ್ಲಿ ಯುದ್ಧದಿಂದ ಹಡಗು ಬರುವುದು ಕಷ್ಟವಾದಾಗ ಅಮೆರಿಕದ ಸರಕಾರ ಯುದ್ಧೇತರ ಕೆಲಸಕ್ಕೆ ಅರಗಿನ ಬಳಕೆಯನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಹಳೇ ಪ್ಲೇಟು ವಾಪಸು ಕೊಡಿ ಅಂತ ಕಂಪನಿಗಳು ಜನರನ್ನು ಕೇಳಿಕೊಂಡವು. ಬೋಸ್ಟನ್ನಿನ ಮಗು ಡೆನ್ಮಾರ್ಕಿನ ಕುಣಿತ ಕಲಿಯಬೇಕಾದರೆ ಛೋಟಾ ನಾಗಪುರದ ಕಾಡಿನಲ್ಲಿ ಒಬ್ಬಳು ಮುಂಡಾ ಹೆಂಗಸು ಕೊಂಬೆ ಕೆರೆಯಬೇಕಿತ್ತು. ಅವಳ ಕುಣಿತ ಆ ಮಗುವಿನ ಪಾಠದಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಡೆನ್ಮಾರ್ಕಿನ ಕುಣಿತ ಯಾಕೆ ಅಂತೀರಾ? 1903ರಲ್ಲಿ ನ್ಯೂಯಾರ್ಕಿನ ಸರಕಾರಿ ಶಾಲೆಗಳಿಗೆ ಒಂದು ಕ್ರೀಡಾ ಸಂಘ ಆಯಿತು, 1905ರಲ್ಲಿ ಅದಕ್ಕೆ ಹೆಣ್ಣುಮಕ್ಕಳ ಶಾಖೆ. ಯುರೋಪಿನ ಬಡವರು ಹಡಗು ಹಡಗು ಬಂದಿಳಿಯುತ್ತಿದ್ದ ಕಾಲ. ಗಾಳಿಯಿಲ್ಲದ ಕೋಣೆಗಳಲ್ಲಿ ಬೆಳೆಯುವ ಆ ಹೆಣ್ಣುಮಕ್ಕಳಿಗೆ ಮೈ ಸಡಿಲ ಮಾಡುವ ವ್ಯಾಯಾಮ ಬೇಕು ಅಂತ ಎಲಿಜಬೆತ್ ಬರ್ಚೆನಲ್ ಅನ್ನುವಾಕೆ ಸ್ವೀಡನ್, ಡೆನ್ಮಾರ್ಕ್, ರಷ್ಯಾ, ಹಂಗೇರಿ, ಐರ್ಲೆಂಡ್, ಇಂಗ್ಲೆಂಡುಗಳ ರೈತಾಪಿ ಜನರ ಕುಣಿತಗಳನ್ನು ಶಾಲೆಗೆ ತಂದಳು. 1909ರಲ್ಲಿ ಪುಸ್ತಕ ಮಾಡಿದಳು. ಆ ಕುಣಿತಗಳಿಗೆ ವಿಕ್ಟರ್ ಕಂಪನಿ ಪ್ಲೇಟು ಹೊರಡಿಸಿತು. ಕೈಯಲ್ಲಿ ಪುಸ್ತಕ, ಮೇಜಿನ ಮೇಲೆ ಯಂತ್ರ, ಅಂಗಳದಲ್ಲಿ ಮಕ್ಕಳು. ವರ್ಷಕ್ಕೊಮ್ಮೆ ನಗರದ ದೊಡ್ಡ ಉದ್ಯಾನದಲ್ಲಿ ಸಾವಿರಾರು ಹುಡುಗಿಯರು ಒಟ್ಟಿಗೆ ಕುಣಿಯುತ್ತಿದ್ದರು. ಬರ್ಚೆನಲ್ ಮಾಡಿದ್ದರಲ್ಲಿ ಒಳ್ಳೆಯದಿದೆ. ಹಂಗೇರಿಯ ಕೂಲಿಯ ಮಗಳು ಶಾಲೆಗೆ ಬಂದರೆ ತನ್ನ ಅಜ್ಜಿಯ ಕುಣಿತವನ್ನು ಬೇರೆ ಮಕ್ಕಳೂ ಕುಣಿಯುವುದನ್ನು ನೋಡುತ್ತಾಳೆ. ನಾಚಿಕೆ ಕಳೀತದೆ.

ಆದರೆ ಆ ದೇಶದಲ್ಲೇ ಮುನ್ನೂರು ವರ್ಷದಿಂದ ದುಡಿದು ಸವೆದ ಜನರ ಕುಣಿತ ಎಲ್ಲಿ? ಹತ್ತಿಯ ಹೊಲದಲ್ಲಿ, ತಂಬಾಕಿನ ಹೊಲದಲ್ಲಿ, ಭತ್ತದ ಗದ್ದೆಯಲ್ಲಿ ಜೀತಕ್ಕಿಂತ ಕಡೆಯಾದ ಗುಲಾಮಿಯಲ್ಲಿದ್ದೂ ಕುಣಿದವರ ಕುಣಿತ ಎಲ್ಲಿ? ಜಗತ್ತಿನ ಕುಣಿತ ಅಂತ ಹೆಸರು, ಒಳಗಿದ್ದುದು ಯುರೋಪು.

ಈಗ ಡೋಲಿನ ವಿಷಯ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ದಂಡೆಯಲ್ಲಿ ಗುಲಾಮರು ದಂಗೆ ಎದ್ದರು, ಡೋಲು ಬಡಿದುಕೊಂಡು ಮೆರವಣಿಗೆ ಹೊರಟರು. ದಂಗೆಯನ್ನು ತುಳಿದರು. ಮರುವರ್ಷ, 1740ರಲ್ಲಿ, ಬಿಳಿಯ ಧಣಿಗಳು ಒಂದು ಕಾನೂನು ಮಾಡಿದರು: ಗುಲಾಮರು ಡೋಲು, ಕಹಳೆ, ದೊಡ್ಡ ಸದ್ದಿನ ಯಾವ ವಾದ್ಯವನ್ನೂ ಇಟ್ಟುಕೊಳ್ಳಬಾರದು. ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು: ಗುಲಾಮರಿಗೆ ಬರೆಯುವುದನ್ನು ಕಲಿಸಬಾರದು. ಡೋಲು, ಅಕ್ಷರ ಎರಡೂ ಒಂದೇ ಕಾಗದದಲ್ಲಿ ನಿಷೇಧ! ಕಿವಿಗೆ ಸೀಸ ಹೊಯ್ಯುವ ಶಾಸ್ತ್ರದ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಸದ್ದು ಹಳ್ಳಿಯಿಂದ ಹಳ್ಳಿಗೆ ಸುದ್ದಿ ಒಯ್ಯುತ್ತದೆ, ಅಕ್ಷರವೂ ಒಯ್ಯುತ್ತದೆ. ಧಣಿಗೆ ಎರಡೂ ಭಯ.

ಡೋಲು ಕಿತ್ತುಕೊಂಡರೆ ಆ ಜನ ಮೈಯನ್ನೇ ಡೋಲು ಮಾಡಿಕೊಂಡರು. ತೊಡೆ ತಟ್ಟುವುದು, ಎದೆ ತಟ್ಟುವುದು, ಕೆನ್ನೆ ತಟ್ಟುವುದು, ನೆಲಕ್ಕೆ ಹಿಮ್ಮಡಿ ಗುದ್ದುವುದು. ಇದಕ್ಕೆ ‘ಜೂಬಾ’ ಅಂತ ಹೆಸರು. ಸೋರೆಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿ ಬ್ಯಾಂಜೊ ಮಾಡಿದರು. ಅದರ ಬೇರು ಪಶ್ಚಿಮ ಆಫ್ರಿಕದ್ದು. ಇದು ಆಫ್ರಿಕದಿಂದ ಅವರು ತಂದ ವಾದ್ಯ ಅಂತ ಸ್ವತಃ ಗುಲಾಮರನ್ನಿಟ್ಟುಕೊಂಡಿದ್ದ ಜೆಫರ್ಸನ್ನೇ 1780ರ ದಶಕದಲ್ಲಿ ಬರೆದಿದ್ದಾನೆ. ಆಮೇಲೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಅದೇ ಬ್ಯಾಂಜೊ ಹಿಡಿದು, ಅದೇ ಕಪ್ಪು ಜನರನ್ನು ಅಣಕಿಸಿ ದುಡ್ಡು ಮಾಡಿದರು. ಆ ಅಣಕದಾಟದ ಹಾಡುಗಳೇ ಪ್ಲೇಟಿಗೂ ಹತ್ತಿದವು. ಪ್ಲೇಟು ಉದ್ಯಮದ ಮೊದಲ ಕಪ್ಪು ಗಾಯಕ ಜಾರ್ಜ್ ಜಾನ್ಸನ್. ಗುಲಾಮಗಿರಿಯ ಕಾಲದ ವರ್ಜೀನಿಯಾದಲ್ಲಿ ಹುಟ್ಟಿದವನು, ಬೀದಿಯಲ್ಲಿ ಹಾಡಿ ಬದುಕಿದವನು. 1890ರ ಸುಮಾರಿಗೆ ಅವನು ಹಾಡಿ ಹೆಸರಾದ ಹಾಡು ಅವನದೇ ಜನರನ್ನು ಹೀನಾಯ ಶಬ್ದದಿಂದ ಕರೆಯುವ ಹಾಡು. ಆಗ ಉರುಳೆಗಳ ಪ್ರತಿ ಮಾಡುವ ಉಪಾಯ ಚೆನ್ನಾಗಿ ಬಂದಿರಲಿಲ್ಲ. ಮಾರಬೇಕಾದಷ್ಟು ಸಲವೂ ಅವನು ಮತ್ತೆ ಮತ್ತೆ ಹಾಡಬೇಕು, ಮತ್ತೆ ಮತ್ತೆ ನಗಬೇಕು. 1914ರಲ್ಲಿ ಬಡವನಾಗೇ ಸತ್ತ.

ಶಾಲೆಯ ಪ್ಲೇಟುಗಳಲ್ಲಿ ಕಪ್ಪು ಜನ ಪೂರ್ತಿ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇದ್ದರು, ಎರಡು ಬಗೆಯಲ್ಲಿ. ಒಂದು, ಸ್ಟೀಫನ್ ಫಾಸ್ಟರ್ ಎಂಬ ಬಿಳಿಯ ರಚಿಸಿದ ಹಾಡುಗಳಲ್ಲಿ. ಅಲ್ಲಿ ಮುದಿ ಗುಲಾಮ ತನ್ನ ಹಳೇ ಧಣಿಯ ತೋಟವನ್ನು ನೆನೆದು ಕಣ್ಣೀರು ಹಾಕುತ್ತಾನೆ. ಎಂಥಾ ಹಿತವಾದ ಗುಲಾಮ! ಎರಡನೆಯದು, ಭಕ್ತಿಯ ಹಾಡುಗಳು. ಗುಲಾಮಗಿರಿ ಹೋದ ಮೇಲೆ ನ್ಯಾಶ್ವಿಲ್ ಊರಿನ ಫಿಸ್ಕ್ ವಿದ್ಯಾಲಯ ದುಡ್ಡಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಅಲ್ಲಿನ ಕಪ್ಪು ವಿದ್ಯಾರ್ಥಿಗಳು 1871ರಲ್ಲಿ ಊರೂರು ಅಲೆದು ತಮ್ಮ ಹಿರಿಯರ ಹಾಡು ಹಾಡಿ ವಿದ್ಯಾಲಯ ಉಳಿಸಿದರು. ಆ ಫಿಸ್ಕಿನ ನಾಲ್ವರು 1909ರಲ್ಲಿ ವಿಕ್ಟರಿಗೆ ಹಾಡಿದರು. 1914ರಲ್ಲಿ ಟಸ್ಕೀಗಿ ಸಂಸ್ಥೆಯ ಹಾಡುಗಾರರೂ ಹಾಡಿದರು. ಈ ಹಾಡುಗಳ ಗಾಂಭೀರ್ಯ ದೊಡ್ಡದು, ಅದರ ಒಳಗಿನ ಬಿಡುಗಡೆಯ ಆಸೆ ದೊಡ್ಡದು. ಆದರೆ ಅವನ್ನು ಮೇಜಿನ ಮುಂದೆ ಕೈಕಟ್ಟಿ ಕೂತು ಕೇಳಬಹುದು. ಮೈ ಕುಣಿಸುವ ಹಾಡಿಗೆ ಬಾಗಿಲು ತೆರೆಯಲಿಲ್ಲ. ಕಪ್ಪು ಜನರ ಕಣ್ಣೀರು ಶಾಲೆಗೆ ಬರಬಹುದು, ಅವರ ಕಾಲು ಬರುವ ಹಾಗಿಲ್ಲ.

ಇದನ್ನು ಬಾಯಿಬಿಟ್ಟು ಹೇಳಿದವರೂ ಇದ್ದರು. ಆನ್ ಶಾ ಫಾಕ್ನರ್ ಅನ್ನುವಾಕೆ ಬರೆದ ಸಂಗೀತ ಕೇಳುವ ಪಠ್ಯವನ್ನು ವಿಕ್ಟರ್ ಕಂಪನಿಯೇ 1913ರಲ್ಲಿ ಪ್ರಕಟಿಸಿತ್ತು. ಅಲ್ಲಿನ ಹೈಸ್ಕೂಲುಗಳಲ್ಲಿ ಪ್ಲೇಟು ಹಾಕಿ ಪಾಠ ಮಾಡಲು ಅದೇ ಕೈಪಿಡಿ. ಅದೇ ಹೆಂಗಸು 1921ರ ಆಗಸ್ಟಿನಲ್ಲಿ ದೊಡ್ಡ ಮಹಿಳಾ ಪತ್ರಿಕೆಯೊಂದರಲ್ಲಿ ಜಾಸ್ ಸಂಗೀತ ಪಾಪದ ದಾರಿ, ಅದರ ಮೂಲ ಕಾಡುಜನರ ಮಾಟದ ಕುಣಿತ ಅನ್ನುವ ಅರ್ಥದ ಲೇಖನ ಬರೆದಳು. ಆಗ ಅವಳು ಅಮೆರಿಕದ ಮಹಿಳಾ ಕ್ಲಬ್ಬುಗಳ ಒಕ್ಕೂಟದ ಸಂಗೀತ ಮುಖ್ಯಸ್ಥೆ. ಮಕ್ಕಳ ಕಿವಿ ಯಾರ ಕೈಯಲ್ಲಿತ್ತು ನೋಡಿ. ಇನ್ನೂ ತಮಾಷೆ ಏನಂದ್ರೆ, ಜಾಸ್ ಅನ್ನುವ ಹೆಸರಿನ ಮೊದಲ ಪ್ಲೇಟನ್ನು 1917ರಲ್ಲಿ ಮಾರಿದ್ದೂ ವಿಕ್ಟರ್ ಕಂಪನಿಯೇ. ನುಡಿಸಿದವರು ಬಿಳಿಯರ ಮೇಳ! ಒಂದು ಕೌಂಟರಿನಲ್ಲಿ ಹೆಂಡ, ಇನ್ನೊಂದರಲ್ಲಿ ಪಾನನಿರೋಧದ ಪುಸ್ತಕ.

ಆಮೇಲೆ ಬಂದವನು ಹೆನ್ರಿ ಫೋರ್ಡ್, ಮೋಟಾರಿನ ಫೋರ್ಡ್. ಅವನದೊಂದು ಪತ್ರಿಕೆ ಇತ್ತು. 1921ರಲ್ಲಿ ಅದು ಜಾಸ್ ಅನ್ನು ಯಹೂದಿಗಳು ದೇಶ ಕೆಡಿಸಲು ಹೂಡಿದ ಸಂಚು ಅಂತ ಬರೆಯಿತು. ಕಪ್ಪು ಜನರ ಮೇಲಿನ ತಿರಸ್ಕಾರ, ಯಹೂದಿಗಳ ಮೇಲಿನ ದ್ವೇಷ ಎರಡೂ ಒಂದೇ ಲೇಖನದಲ್ಲಿ. ಇದಕ್ಕೆ ಮದ್ದು ಅಂತ ಅವನು ಹಳೇ ಕಾಲದ ಕುಣಿತಗಳನ್ನು ಎಬ್ಬಿಸಲು ಹೊರಟ. ಬೆಂಜಮಿನ್ ಲವೆಟ್ ಎಂಬ ಕುಣಿತದ ಮಾಸ್ತರನನ್ನು ಕರೆಸಿ ಮನೆ ಕೊಟ್ಟು ಇಟ್ಟುಕೊಂಡ. ತನ್ನದೇ ವಾದ್ಯಮೇಳ ಕಟ್ಟಿ 1925ರಿಂದ ಪ್ಲೇಟು ಹೊರಡಿಸಿದ. 1926ರಲ್ಲಿ ಕುಣಿತದ ಕೈಪಿಡಿ ಅಚ್ಚು ಹಾಕಿಸಿದ. ಡೆಟ್ರಾಯಿಟ್ ಸುತ್ತಿನ ಶಾಲೆಗಳಲ್ಲಿ ಮಕ್ಕಳು ಆ ಪಿಟೀಲಿಗೆ, ಆ ಪ್ಲೇಟಿಗೆ ಚೌಕವಾಗಿ ನಿಂತು ಕುಣಿಯುವುದನ್ನು ಕಲಿತರು. ಇದು ಶುದ್ಧ ಬಿಳಿಯರ, ಶುದ್ಧ ಹಳ್ಳಿಯ, ಶುದ್ಧ ಅಮೆರಿಕದ ಕುಣಿತ ಅಂತ ಅವನ ನಂಬಿಕೆ. ಮುಂದಿನ ತಲೆಮಾರುಗಳಲ್ಲಿ ಈ ‘ಸ್ಕ್ವೇರ್ ಡಾನ್ಸ್’ ಅಮೆರಿಕದ ಶಾಲೆಗಳ ಡ್ರಿಲ್ ಪೀರಿಯಡ್‌ನ ಮಾಮೂಲು ಪಾಠವೇ ಆಯಿತು.

ಆದರೆ ಆ ಕುಣಿತದಲ್ಲಿ ಮುಖ್ಯವಾದವನು ಯಾರು? ಪಕ್ಕದಲ್ಲಿ ನಿಂತು ಹೆಜ್ಜೆ ಕೂಗುವವನು. ಈಗ ಕೈ ಹಿಡಿಯಿರಿ, ಈಗ ತಿರುಗಿ, ಈಗ ಜೋಡಿ ಬದಲಿಸಿ ಅಂತ ಹಾಡಿನ ಲಯದಲ್ಲೇ ಕೂಗಿ ಹೇಳುವವನು. ಯುರೋಪಿನ ಮೂಲ ಕುಣಿತಗಳಲ್ಲಿ ಹೀಗೆ ಕೂಗುವವನು ಇರಲಿಲ್ಲ. ಅಲ್ಲಿ ಮಾಸ್ತರರ ಹತ್ತಿರ ಮೊದಲೇ ಕಲಿತು ಬರಬೇಕಿತ್ತು. ದಕ್ಷಿಣದ ಧಣಿಗಳ ದೊಡ್ಡ ಮನೆಗಳಲ್ಲಿ ಪಿಟೀಲು ನುಡಿಸುತ್ತಿದ್ದವರು ಗುಲಾಮರು. ನುಡಿಸುತ್ತಲೇ ಹೆಜ್ಜೆ ಕೂಗಿದವರೂ ಅವರೇ. ಒಬ್ಬ ಸೊಲ್ಲು ಕೊಡುವುದು, ಗುಂಪು ಅದಕ್ಕೆ ಮೈಯಿಂದ ಉತ್ತರ ಕೊಡುವುದು, ಇದು ಆಫ್ರಿಕದಿಂದ ಬಂದ ರೂಢಿ. ಈ ಹಳೇ ಕುಣಿತಗಳ ಚರಿತ್ರೆ ಹುಡುಕಿದ ಫಿಲ್ ಜೇಮಿಸನ್ 2015ರ ತನ್ನ ಪುಸ್ತಕದಲ್ಲಿ ಹೆಜ್ಜೆ ಕೂಗುವ ಪದ್ಧತಿ ಬೆಳೆದಿದ್ದೇ ಕಪ್ಪು ಪಿಟೀಲುಗಾರರಿಂದ ಅಂತ ಹಳೆಯ ದಾಖಲೆಗಳನ್ನು ಮುಂದಿಟ್ಟು ತೋರಿಸಿದ್ದಾನೆ. ಅಂದರೆ ಕಪ್ಪು ಜನರ ಸಂಗೀತದಿಂದ ಮಕ್ಕಳನ್ನು ಕಾಪಾಡಬೇಕು ಅಂತ ಫೋರ್ಡ್ ಕೋಟಿಗಟ್ಟಲೆ ದುಡ್ಡಿನ ಬಲದಿಂದ ತಂದ ಮದ್ದಿನೊಳಗೇ ಕಪ್ಪು ಜನರ ದನಿ ಕೂತಿತ್ತು. ಮಕ್ಕಳು ಅದರ ಮಾತು ಕೇಳಿ ಕುಣಿಯುತ್ತಿದ್ದರು. ಯಾರೂ ಹೇಳಲಿಲ್ಲ, ಅಷ್ಟೇ.

ಬೀದಿಯಲ್ಲಿ ಬೇರೆ ನಡೆಯುತ್ತಿತ್ತು. 1920ರ ಆಗಸ್ಟಿನಲ್ಲಿ ಮೇಮಿ ಸ್ಮಿತ್ ಅನ್ನುವ ಕಪ್ಪು ಹೆಂಗಸು ಹಾಡಿದ ಬ್ಲೂಸ್ ಪ್ಲೇಟು ಎಣಿಸಲಾರದಷ್ಟು ಖರ್ಚಾಯಿತು. ಕೊಂಡವರು ಬಹುಪಾಲು ಕಪ್ಪು ಕೂಲಿಕಾರರು. ಕಂಪನಿಗಳು ಎಚ್ಚೆತ್ತು ಕಪ್ಪು ಜನರಿಗೆಂದೇ ಬೇರೆ ಕ್ಯಾಟಲಾಗು ಮಾಡಿದವು. ಬೇರೆ ಲೋಟ ಇಟ್ಟ ಹಾಗೆ. 1921ರಲ್ಲಿ ಹ್ಯಾರಿ ಪೇಸ್ ಎಂಬ ಕಪ್ಪು ಮನುಷ್ಯ ನ್ಯೂಯಾರ್ಕಿನಲ್ಲಿ ‘ಬ್ಲಾಕ್ ಸ್ವಾನ್’ ಅನ್ನುವ ಸ್ವಂತ ಕಂಪನಿ ಕಟ್ಟಿದ. ಚಿಂತಕ ಡು ಬಾಯ್ಸ್ ಅದರ ನಿರ್ದೇಶಕರಲ್ಲೊಬ್ಬ. ಕಪ್ಪು ಜನರೇ ಹಾಡಿ, ಕಪ್ಪು ಜನರೇ ಮಾರುವ ಕಂಪನಿ ಬರೀ ಎರಡು ಮೂರು ವರ್ಷ ಉಸಿರಾಡಿತು. ನಮಗೆ ಇಲ್ಲಿ ಚುಚ್ಚುವುದು ಬೇರೊಂದು ಸಂಗತಿ. ಬ್ಲೂಸ್ ಹಾಡುಗಾರ್ತಿಯರಲ್ಲೇ ದೊಡ್ಡವಳಾದ ಬೆಸ್ಸಿ ಸ್ಮಿತ್ ಇವರ ಹತ್ತಿರ ಬಂದಾಗ ಇವಳ ದನಿ ತೀರಾ ಒರಟು ಅಂತ ಇವರೇ ವಾಪಸು ಕಳಿಸಿದರು. ಕಪ್ಪು ಜನರ ವಿದ್ಯಾವಂತರಿಗೂ, ಅನೇಕ ಕಪ್ಪು ಮೇಷ್ಟರುಗಳಿಗೂ ತಮ್ಮ ಕೇರಿಯ ಸಂಗೀತ ಅಂದರೆ ಮುಜುಗರ ಇತ್ತು. ಬಿಳಿಯರ ಮುಂದೆ ಮರ್ಯಾದೆ ಹೋಗುತ್ತದೆ ಅನ್ನುವ ಭಯ. ಹಟ್ಟಿಯಿಂದ ಹೊರಬಂದು ನೌಕರಿ ಹಿಡಿದ ನಮ್ಮವರಲ್ಲೂ ತಮಟೆಯ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುವವರಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹೆಣದ ಮುಂದೆ, ಮೇಲುಜಾತಿಯವರ ಉತ್ಸವದ ಮುಂದೆ ಬಿಟ್ಟಿಯಾಗಿ ಬಡಿಸಿಕೊಂಡ ತಮಟೆ ಅದು. ಅವಮಾನದ ಗುರುತು ಅಂತ ಅದನ್ನು ಮುಟ್ಟುವುದಿಲ್ಲ ಅಂದ ಊರುಗಳೂ ಇವೆ, ಹೋರಾಟದ ಮೆರವಣಿಗೆಯಲ್ಲಿ ಅದನ್ನೇ ಮುಂದೆ ಹಿಡಿದವರೂ ಇದ್ದಾರೆ. ಎರಡಕ್ಕೂ ಕಾರಣ ಇದೆ.

ಕಪ್ಪು ಮಕ್ಕಳಿಗೆ ವಾದ್ಯ ಕೊಟ್ಟವರು ಯಾರು? ಪ್ಲೇಟು ಕಂಪನಿಯಲ್ಲ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಲ್ಲಿ ಡೇನಿಯಲ್ ಜೆಂಕಿನ್ಸ್ ಎಂಬ ಕಪ್ಪು ಪಾದ್ರಿ 1891ರಲ್ಲಿ ಅನಾಥಾಲಯ ತೆರೆದ. ಯಾರೋ ಬಿಸಾಕಿದ ಹಳೇ ಕಹಳೆ, ಹಳೇ ಸಮವಸ್ತ್ರ ಬೇಡಿ ತಂದು ಹುಡುಗರ ಬ್ಯಾಂಡು ಕಟ್ಟಿದ. ಹುಡುಗರು ಬೀದಿಯಲ್ಲಿ ನುಡಿಸಿ ಟೋಪಿ ಚಾಚಿ ಅನ್ನ ಸಂಪಾದಿಸಿದರು. ಡೋಲು, ಕಹಳೆ ಇಟ್ಟುಕೊಳ್ಳಬಾರದು ಅಂತ 1740ರಲ್ಲಿ ಕಾನೂನು ಮಾಡಿದ್ದು ಇದೇ ನೆಲದಲ್ಲಿ! ಆ ಹುಡುಗರು 1905ರಲ್ಲಿ ಅಮೆರಿಕದ ಅಧ್ಯಕ್ಷನ ಪದಗ್ರಹಣದ ಮೆರವಣಿಗೆಯಲ್ಲೂ ನುಡಿಸಿದರು. 1923ರಲ್ಲಿ ನ್ಯೂಯಾರ್ಕಿನ ನಾಟಕವೊಂದರಿಂದ ದೇಶವನ್ನೆಲ್ಲ ಹಿಡಿದ ಕುಣಿತಕ್ಕೂ ಇದೇ ಚಾರ್ಲ್ಸ್‌ಟನ್ನಿನ ಹೆಸರು. ನ್ಯೂ ಆರ್ಲಿಯನ್ಸಿನಲ್ಲಿ 1913ರ ಹೊಸ ವರ್ಷಕ್ಕೆ ಬೀದಿಯಲ್ಲಿ ಪಿಸ್ತೂಲು ಹಾರಿಸಿದ ಅಂತ ಹಿಡಿದು ಕಪ್ಪು ಹುಡುಗರ ತಿದ್ದುಪಡಿ ಶಾಲೆಗೆ ಹಾಕಿದ ಒಬ್ಬ ಹುಡುಗನಿಗೆ ಪೀಟರ್ ಡೇವಿಸ್ ಎಂಬ ಮೇಷ್ಟರು ಕಹಳೆ ಕಲಿಸಿದ. ಆ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಕಪ್ಪು ಮಕ್ಕಳ ಕೈಗಾರಿಕಾ ಹೈಸ್ಕೂಲಿನಲ್ಲಿ ಜಾನ್ ವಾಟ್ಲಿ ಅಚ್ಚಿನ ಕೆಲಸದ ಮೇಷ್ಟರು. ಮೊಳೆ ಜೋಡಿಸುವುದನ್ನು ಕಲಿಸುತ್ತಲೇ ಬ್ಯಾಂಡೂ ಕಲಿಸಿದ. ಅವನ ಕೈಕೆಳಗೆ ಕಲಿತವರು ದೇಶದ ದೊಡ್ಡ ದೊಡ್ಡ ಮೇಳಗಳಲ್ಲಿ ಕೂತರು.

ಷಿಕಾಗೋದ ವಾಲ್ಟರ್ ಡಯೆಟ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. 1931ರಿಂದ ವೆಂಡೆಲ್ ಫಿಲಿಪ್ಸ್ ಹೈಸ್ಕೂಲಿನಲ್ಲಿ, ಆಮೇಲೆ 1935ರಲ್ಲಿ ತೆರೆದ ಡುಸೇಬಲ್ ಹೈಸ್ಕೂಲಿನಲ್ಲಿ, 1960ರ ದಶಕದ ಮೊದಲವರೆಗೆ ಸಂಗೀತದ ಮೇಷ್ಟರಾಗಿದ್ದವನು. ದಕ್ಷಿಣದ ಹತ್ತಿ ಹೊಲ ಬಿಟ್ಟು ಬಂದ ಕೂಲಿಕಾರರ ಮಕ್ಕಳು ಅವನ ಶಿಷ್ಯರು. ಜೂನಿಯರ್, ಸೀನಿಯರ್ ಅಂತ ಮೇಳಗಳು, ಸ್ವರ ತಪ್ಪಿದರೆ ಯಾರದು ಅಂತ ಹೆಸರು ಹಿಡಿದು ಹೇಳುವ ಕಿವಿ. ಶಿಸ್ತು ಅಂದರೆ ಕಠಿಣ ಶಿಸ್ತು. ವಾದ್ಯ ಕೊಳ್ಳಲು ದುಡ್ಡು ಸಾಲದಿದ್ದಾಗ ವರ್ಷಕ್ಕೊಂದು ಹಾಡು-ಕುಣಿತದ ಪ್ರದರ್ಶನ ಏರ್ಪಡಿಸಿ, ಟಿಕೆಟ್ಟು ಮಾರಿ, ಆ ದುಡ್ಡಿನಲ್ಲಿ ವಾದ್ಯ ತರುತ್ತಿದ್ದ. ಅಲ್ಲಿ ಮಕ್ಕಳು ನುಡಿಸಿದ್ದು ತಮ್ಮ ಕೇರಿಯ ಸಂಗೀತ, ಬಿಳಿಯ ಟೀಚರುಗಳು ಪಾಪ ಅಂದ ಸಂಗೀತ. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್, ಜೀನ್ ಆಮನ್ಸ್, ಜಾನಿ ಗ್ರಿಫಿನ್ ಎಲ್ಲ ಅವನ ಕೈಯಲ್ಲಿ ಪಳಗಿದವರು. ಇವರ ದನಿಯೇ ಮುಂದೆ ಲಕ್ಷಗಟ್ಟಲೆ ಪ್ಲೇಟುಗಳಾಯಿತು. ವಿಕ್ಟರಿನ ಶಾಲೆಯಲ್ಲಿ ಪ್ಲೇಟಿನಿಂದ ಮಕ್ಕಳ ಕಡೆಗೆ ಸಂಗೀತ ಹರಿಯಿತು, ಡಯೆಟ್‌ನ ಶಾಲೆಯಲ್ಲಿ ಮಕ್ಕಳಿಂದ ಪ್ಲೇಟಿನ ಕಡೆಗೆ.

ಯಂತ್ರ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಶಾಲೆಯಾಚೆ ಮಕ್ಕಳೇ ಅದನ್ನು ಬೇರೆ ರೀತಿ ಬಳಸಿದರು. ಐಯೊವಾದ ಡಾವನ್‌ಪೋರ್ಟ್ ಊರಿನ ಬಿಳಿಯ ಹುಡುಗ ಬಿಕ್ಸ್ ಬೈಡರ್‌ಬೆಕ್ 1919ರ ಸುಮಾರಿಗೆ ಅಣ್ಣ ತಂದ ಯಂತ್ರದ ವೇಗ ಇಳಿಸಿ, ಜಾಸ್ ಪ್ಲೇಟನ್ನು ನಿಧಾನವಾಗಿ ತಿರುಗಿಸಿ, ಒಂದೊಂದೇ ಸ್ವರ ಹಿಡಿದು ಕಹಳೆ ಕಲಿತ. ಬಡ ಕಪ್ಪು ಕೇರಿಗಳಲ್ಲಿ ಒಂದು ಮನೆಯ ಯಂತ್ರದ ಮುಂದೆ ಬೀದಿಯೇ ಕೂತು ಕೇಳುತ್ತಿತ್ತು. ಒಂದೇ ತುಣುಕನ್ನು ನೂರು ಸಲ ಕೇಳಬಹುದು, ನಿಲ್ಲಿಸಬಹುದು, ಮತ್ತೆ ಮೊದಲಿಂದ ಹಚ್ಚಬಹುದು. ಗುರುವಿನ ಮನೆಯ ಹೊಸಿಲು ದಾಟಲು ಬಿಡದವರಿಗೆ ಇದು ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯ ಪ್ಲೇಟನ್ನೇ ತಿರುವಿ ಹಾಕಿದವಳು ಎಲಾ ಜೆಂಕಿನ್ಸ್. 1924ರಲ್ಲಿ ಹುಟ್ಟಿ ಷಿಕಾಗೋದ ದಕ್ಷಿಣ ಭಾಗದ ಕಪ್ಪು ಕೇರಿಯಲ್ಲಿ ಬೆಳೆದವಳು. ಅವಳಿಗೆ ಸಂಗೀತ ಶಾಲೆಯಲ್ಲಿ ಕಲಿತ ವಿದ್ಯೆಯಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವಳ ಮಾವ ಮೌತ್ ಆರ್ಗನ್ ನುಡಿಸುವುದನ್ನು ಕಾಲ ಬುಡದಲ್ಲಿ ಕೂತು ಕೇಳಿದ್ದು, ಬೀದಿಯಲ್ಲಿ ಹುಡುಗಿಯರು ಹಗ್ಗದಾಟ ಆಡುತ್ತ ಹಾಡಿದ್ದು, ಅಷ್ಟೇ ಅವಳ ಪಾಠ. ಮೋಸೆಸ್ ಆಶ್ ಎಂಬಾತ 1948ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ್ದ ಫೋಕ್‌ವೇಸ್ ಎಂಬ ಸಣ್ಣ ಕಂಪನಿ ಆಗಲೇ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಮಕ್ಕಳಿಗೆ ಜಾಸ್‌ನ ಕತೆ ಹೇಳಿದ ಪ್ಲೇಟು ಹೊರಡಿಸಿತ್ತು. ಬಿಳಿಯರ ಶಾಲೆ, ಕಪ್ಪು ಜನರ ಶಾಲೆ ಬೇರೆ ಬೇರೆ ಇರುವುದು ತಪ್ಪು ಅಂತ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1954ರಲ್ಲಿ. ಮೂರು ವರ್ಷ ಕಳೆದು 1957ರಲ್ಲಿ ಎಲಾಳ ಮೊದಲ ಪ್ಲೇಟು ಬಂತು. ಸೊಲ್ಲಿಗೆ ಸೊಲ್ಲು, ಗುಂಪಿನ ಲಯ, ಅದೇ ಆ ಪ್ಲೇಟಿನ ಹೆಸರಿನ ಅರ್ಥ.

ಅದರಲ್ಲಿ ವಾದ್ಯಮೇಳ ಇಲ್ಲ. ಅವಳು ಒಂದು ಸಾಲು ಹಾಡುತ್ತಾಳೆ, ಮಕ್ಕಳು ಅದನ್ನೇ ಹಿಂದಿರುಗಿ ಹಾಡುತ್ತಾರೆ. ಚರ್ಮದ ಡೋಲು, ಚಪ್ಪಾಳೆ. ಆಫ್ರಿಕದ ಸೊಲ್ಲುಗಳು ಒಂದು ಮಗ್ಗುಲಿಗೆ. ಇನ್ನೊಂದು ಮಗ್ಗುಲಲ್ಲಿ ಕಾಲಿಗೆ ಸರಪಳಿ ಬಿಗಿಸಿಕೊಂಡು ಕಲ್ಲು ಒಡೆದ ಕಪ್ಪು ಕೈದಿಗಳ ಹಾಡುಗಳು. ಅವನ್ನು ಪುಟ್ಟ ಮಕ್ಕಳು ಲಯ ಹಿಡಿದು ಹಾಡುತ್ತಾರೆ. ಈ ಪ್ಲೇಟು ತಿರುಗುವಾಗ ಕೈಕಟ್ಟಿ ಕೂರಲು ಆಗುವುದಿಲ್ಲ, ಉತ್ತರ ಕೊಡಲೇಬೇಕು. ಟೀಚರಿಗೆ ಹಾಡಲು ಬರದಿದ್ದರೂ ನಡೀತದೆ, ಯಾಕಂದ್ರೆ ಎರಡನೇ ಸಲ ಕೇಳುವ ಹೊತ್ತಿಗೆ ಮಕ್ಕಳಲ್ಲೇ ಒಬ್ಬಳು ಎದ್ದು ಸೊಲ್ಲು ಕೊಡಲು ಶುರು ಮಾಡುತ್ತಾಳೆ. ಆಮೇಲೆ ಪ್ಲೇಟನ್ನು ನಿಲ್ಲಿಸಿಬಿಡಬಹುದು. ಎಲಾ ಮುಂದೆ ಅರವತ್ತು ವರ್ಷ ಇದನ್ನೇ ಮಾಡಿದಳು, ಶಾಲೆಯಿಂದ ಶಾಲೆಗೆ ಹೋಗಿ ನೆಲದ ಮೇಲೆ ಮಕ್ಕಳ ಜೊತೆ ಕೂತು. 2024ರ ನವೆಂಬರಿನಲ್ಲಿ ನೂರು ವರ್ಷ ತುಂಬಿಸಿಕೊಂಡು ತೀರಿಕೊಂಡಳು. ಅವಳ ಆ 1957ರ ಪ್ಲೇಟು ಇವತ್ತಿಗೂ ಸಿಗುತ್ತದೆ, ಯಾವ ಶಾಲೆಯ ಮೊಬೈಲಿನಲ್ಲಾದರೂ ಹಚ್ಚಿ ಕೇಳಬಹುದು.